ತಿನ್ನದ ವೀಳ್ಯ

ಆ ಶನಿವಾರ ಬೆಳಿಗ್ಗೆ ಕಾಂದಿವಲಿಯ ಮೇಲೆ ಮೋಡ ಬಂದು ನಿಂತಿತ್ತು, ಸುರಿಯುತ್ತಿರಲಿಲ್ಲ. ಆಡಬೇಕಾದ ಮಾತು ಬಾಯಲ್ಲೇ ಇಟ್ಟುಕೊಂಡು ಹೊಸ್ತಿಲ ಮುಂದೆ ನಿಂತ ಬೀಗನ ಹಾಗೆ, ಒಳಗೂ ಬರದೆ ಹೊರಗೂ ಹೋಗದೆ, ಬಿಲ್ಡಿಂಗುಗಳ ನೆತ್ತಿಗೆ ಜೋತುಬಿದ್ದಿತ್ತು. ಗಾಳಿಯ ಸುಳಿವಿಲ್ಲ. ಗ್ಯಾಲರಿಯಲ್ಲಿ ಒಣಹಾಕಿದ ಧೋತರ ನಿನ್ನೆಯಿಂದ ಹಸಿ ಹಸಿ.

ಶರಣಬಸಪ್ಪ ಲಿಂಗಪೂಜೆಗೆ ಕುಳಿತವನು ಇನ್ನೂ ಎದ್ದಿರಲಿಲ್ಲ. ಪೂಜೆ ಮುಗಿದಿತ್ತು, ಮನಸ್ಸು ನಿಂತಿರಲಿಲ್ಲ. ಅಂಗೈ ನೋಡಿದರೆ ಅಲ್ಲಿ ಎರಡು ಕಣ್ಣು ಕಾಣುತ್ತಿದ್ದವು, ಪೀರಸಾಬ ಮಾಸ್ತರರ ಕಣ್ಣು. ಪೊಲೀಸ್ ಜೀಪು ಹತ್ತುವಾಗ ಅವರು ಒಮ್ಮೆ ತಿರುಗಿ ನೋಡಿದ್ದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಇವನು ರಾತ್ರಿ ಮಲಗುತ್ತಿದ್ದನೇನೋ. ಸಿಟ್ಟಿರಲಿಲ್ಲ.

ಬುಧವಾರ ಬಾಂದ್ರಾದ ರಂಗಮಂದಿರದಲ್ಲಿ ಹಾಡಿನ ನಡುವೆ ನಟಿ ಭುವನೇಶ್ವರಿಯ ಕೊರಳು ಒಡೆದಿತ್ತು. ಹಾಡುವವರ ದನಿ ಕೆಡಿಸಲು ವೀಳ್ಯದಲ್ಲಿ ಸಿಂಧೂರ ಇಟ್ಟು ತಿನ್ನಿಸುತ್ತಾರೆಂಬುದು ಕಂಪನಿ ನಾಟಕದವರ ಹಳೆಯ ಅಂಜಿಕೆ. ವೀಳ್ಯ ಕೊಟ್ಟವರು ಹಾರ್ಮೋನಿಯಂ ಮಾಸ್ತರ ಪೀರಸಾಬರು. ಅವರ ಎಲೆಡಬ್ಬಿಯ ಮುಚ್ಚಳದ ಮೇಲಿದ್ದ ಕೇಸರಿ ಕಲೆಯನ್ನು ಇನ್ಸ್‌ಪೆಕ್ಟರಿಗೆ ಬೆರಳು ಮಾಡಿ ತೋರಿಸಿದವನು ಈ ಶರಣಬಸಪ್ಪ.

ಗಂಡು ಹೆಣ್ಣಿನ ಮದುವೆಗೆ ಮುಂಚೆ ಮನೆತನ ವಿಚಾರಿಸಿ ಹೇಳುವ ಸಣ್ಣ ಪತ್ತೇದಾರಿಕೆ ಅವನದು. ಆಟದ ಯಜಮಾನ ನವೀನ ಕರೆಸಿದ್ದಕ್ಕೆ ಹೋಗಿದ್ದ. ಹೋದ ಗಳಿಗೆಯಲ್ಲೇ ಕಳ್ಳನನ್ನು ಹಿಡಿದೆನೆಂದು ಎದೆ ಉಬ್ಬಿಸಿದ್ದ. ಮಾಸ್ತರರು ಅಲ್ಲ ಅನ್ನಲಿಲ್ಲ. “ತಪ್ಪು ನಂದೇ ಅದ, ನಡೀರಿ,” ಎಂದಷ್ಟೇ ಅಂದಿದ್ದರು. ಈವತ್ತು ಮಧ್ಯಾಹ್ನ ಅವರನ್ನು ಮತ್ತೆ ಕೋರ್ಟಿಗೆ ತರುವವರಿದ್ದರು.

ಬಾಗಿಲು ತಳ್ಳಿಕೊಂಡು ಹೆಂಡತಿ ಕಾಶವ್ವ ಬಂದಳು. ಶನಿವಾರ ಹಣಮಪ್ಪನ ಗುಡಿಗೆ ಹೋಗಿ ಬರುವುದು ಆಕೆಯ ರೂಢಿ.

“ಏನ್ರಿ, ಇನ್ನಾ ಹಂಗೇ ಕುಂತೀರಿ? ಮುಂಬೈ ಮಂದೀ ಮನೀ ಗುಟ್ಟೆಲ್ಲಾ ಗೊತ್ತು ನಿಮಗ, ನಮ್ಮ ಮನ್ಯಾಗ ಚಾಪುಡಿ ಡಬ್ಬಿ ಎಲ್ಲದ ಗೊತ್ತಿಲ್ಲ.”

“ಮನಸ್ಸು ಸರಿ ಇಲ್ಲ ಕಾಶಿ.”

“ಹಂಗಾರ ಚಾ ಬ್ಯಾಡ?”

“ಚಾ ಬೇಕು.”

ಆಕೆ ನಕ್ಕು ಡಬ್ಬಿ ಇಳಿಸಿ ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟಳು. ಶರಣಬಸಪ್ಪನ ಕಣ್ಣು ಆ ಮುಚ್ಚಳಕ್ಕೆ ಅಂಟಿಕೊಂಡಿತು. ಅದರ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು. ಕೇಸರಿ ಬಣ್ಣದ್ದು.

“ಇದೇನಿದು?”

“ಯಾವ್ದು? ಅಯ್ಯ, ಹಣಮಪ್ಪನ ಪಾದ ಮುಟ್ಟಿ ಬಂದೀನಲ್ಲ. ಸಿಂಧೂರ ಹತ್ಯಾದ ಬೆರಳಿಗೆ. ತಡೀರಿ, ಒರಸ್ತೀನಿ.”

“ಒರಸಬ್ಯಾಡ!”

ಅವನ ದನಿಗೆ ಕಾಶವ್ವ ಬೆಚ್ಚಿದಳು. ಅವನು ಮುಚ್ಚಳ ಎತ್ತಿ ಬೆಳಕಿಗೆ ಹಿಡಿದ. ಅದೇ ಅಂಚು. ಅದೇ ಓರೆ. ಡಬ್ಬಿ ತೆಗೆಯುವ ಯಾರ ಬೆರಳಾದರೂ ಬೀಳುವ ಜಾಗ.

ಮಾಸ್ತರರು ಸಾಬರು. ಅವರ ಕೈಗೆ ಸಿಂಧೂರ ಯಾಕೆ ಹತ್ತೀತು ಎಂದು ಅಂದು ಇವನು ಒಂದು ಮಾತು ಕೇಳಿರಲಿಲ್ಲ. ಬಣ್ಣ ಕಂಡಿತು, ವಿಷ ಎಂದುಬಿಟ್ಟ. ತನ್ನೂರಿನಲ್ಲಿ ಮೊಹರಮ್ಮಿಗೆ ಅಲಾಯಿ ಕುಣಿಯ ಬೆಂಕಿಗೆ ಉಪ್ಪು ಹಾಕಿ ಕೈಮುಗಿದು ಬೆಳೆದವನು ಇವನೇ. ತಾನು ಅವರ ದೇವರಿಗೆ ನಡೆದುಕೊಳ್ಳಬಹುದು, ಅವರು ತನ್ನ ದೇವರಿಗೆ ನಡೆದುಕೊಳ್ಳಬಾರದೇ?

ಕಾಶವ್ವ ಕೇಳಿ ತಿಳಿದುಕೊಂಡಳು. ಚಹಾ ಸೋಸಿ ಮುಂದಿಟ್ಟು ಅಂದಳು: “ಯಾರಿಗಿ ಅನ್ಯಾಯ ಮಾಡೀರೋ ಅವರ ಕಡಿ ಹೋಗ್ರಿ. ಡಬ್ಬಿ ಮುಂದ ಕುಂತ್ರ ಡಬ್ಬಿ ಮಾಫ್ ಮಾಡ್ತದೇನು?”

*

ತಾಲೀಮಿನ ಹಾಲ್ ಇದ್ದದ್ದು ಸಾಂತಾಕ್ರೂಜಿನ ಒಂದು ಹಳೆಯ ಸೊಸೈಟಿಯ ಕೆಳಮಹಡಿಯಲ್ಲಿ. ಲೋಕಲಿನಿಂದ ಇಳಿದು ಶರಣಬಸಪ್ಪ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದಾಗ, ವೇಷಭೂಷಣ ನೋಡಿಕೊಳ್ಳುವ ರುಕ್ಮಿಣಿಬಾಯಿ ರಾಣಿಯ ಸೀರೆಗೆ ಇಸ್ತ್ರಿ ಎಳೆಯುತ್ತಿದ್ದಳು.

“ಬಂದ್ರಿ? ಇವತ್ತ ಯಾರ ಪಾಳಿ?” ಅವಳು ತಲೆ ಎತ್ತಲಿಲ್ಲ. “ನನ್ನ ಹಿಡೀರಿ. ನನ್ನ ಪೆಟ್ಟಗ್ಯಾಗ ಸಿಂಧೂರಷ್ಟೇ ಅಲ್ಲ, ಕುಂಕುಮ, ಅರಿಷಿಣ, ಕಾಡಿಗಿ, ಎಲ್ಲಾ ಅದಾವ.”

“ಅನ್ರಿ ಬಾಯಿ. ಅನಸಿಕೊಳ್ಳಲಿಕ್ಕೇ ಬಂದೀನಿ.”

ಇಸ್ತ್ರಿ ನಿಂತಿತು. ಅವಳು ಅವನ ಮುಖ ನೋಡಿದಳು.

“ಆಟಕ್ಕ ಮೊದಲ ಮಾಸ್ತರು ಏನೇನ್ ಮಾಡ್ತಿದ್ರು? ಹೇಳ್ರಿ,” ಅಂದ ಶರಣಬಸಪ್ಪ.

ರುಕ್ಮಿಣಿಬಾಯಿ ಮೂಲೆಯ ಟ್ರಂಕಿನ ಮೇಲಿನ ಬಟ್ಟೆ ಸರಿಸಿದಳು. ಅಲ್ಲಿ ಗೇಣುದ್ದದ ಕಲ್ಲಿನ ಹಣಮಪ್ಪ, ಮೈತುಂಬ ಸಿಂಧೂರ.

“ಕಂಪನಿ ಮುಚ್ಚಿದಾಗ ಪರದೆ, ಪೆಟ್ಟಗಿ, ಕಿರೀಟ, ಕೈಗೆ ಸಿಕ್ಕಿದ್ದು ಹಂಚಿಕೊಂಡ್ರು ಮಂದಿ. ಇವನ್ನ ಯಾರೂ ಒಯ್ಯಲಿಲ್ಲ. ಕಲ್ಲು ಅಲ್ರಿ, ಭಾರ. ಮಾಸ್ತರ ಹೆಗಲ ಮ್ಯಾಲ ಹೊತ್ತು ಮುಂಬೈಗಿ ತಂದ್ರು. ಆಟದ ಮೊದಲ ಇವನ ಪಾದ ಮುಟ್ಟತಾರ, ಆಮ್ಯಾಲ ಡಬ್ಬಿ ತಗದು ಭುವನಾಬಾಯಿಗಿ ವೀಳ್ಯ ಕೊಡತಾರ. ಅದು ಕಂಪನಿ ಪದ್ಧತಿ.”

“ಅವತ್ತ ಯಾಕ ಹೇಳಲಿಲ್ಲ ಬಾಯಿ?”

“ಯಾರ ಕೇಳಿದ್ರು? ನಿಮಗ ಡಬ್ಬಿ ಕಂಡಿತ್ತು. ಅಷ್ಟ ಸಾಕಾಗಿತ್ತು.”

ಆ ಮಾತು ಮುಳ್ಳಿನ ಹಾಗೆ ಒಳಗೆ ಹೋಗಿ ಅಲ್ಲೇ ಮುರಿಯಿತು. ಅವನು ತಲೆ ಬಾಗಿಸಿ ನಿಂತ. ರುಕ್ಮಿಣಿಬಾಯಿಗೆ ಕನಿಕರ ಬಂದಿರಬೇಕು, ದನಿ ಇಳಿಸಿದಳು.

“ಪಾಪ, ಮುದುಕರ ಬೆರಳು ಹಾರ್ಮೋನಿಯಂ ಮ್ಯಾಲ ಇಟ್ರ ನಡಗಂಗಿಲ್ಲ, ಎಲಿ ಮಡಚಲಿಕ್ಕೆ ಹೋದ್ರ ನಡಗತಾವ. ಈಗೀಗ ಶಿವಕುಮಾರಿನೇ ಮಡಚಿ ಡಬ್ಬ್ಯಾಗ ಇಡತಾಳ. ಹಿಮ್ಮೇಳದಾಕಿ, ಅವರ ಮನ್ಯಾಗೇ ಬೆಳದಾಕಿ. ಅವ್ವ ಅಪ್ಪ ಸತ್ತಾಗ ಮಾಸ್ತರ ಹೆಂಡತಿ ಅಖ್ತರಿಬಿ ಸೆರಗಿನಾಗ ಹಾಕ್ಕೊಂಡು ಸಾಕಿದ್ಲು.”

ಶರಣಬಸಪ್ಪ ಹೂಂ ಅಂದ, ಆದರೆ ಅವನ ಗಮನ ಬೇರೆ ಕಡೆ ಹೋಗಿತ್ತು. ಗೋಡೆಗೆ ಆತು ಮಾಸ್ತರರ ಹಾರ್ಮೋನಿಯಂ ಇತ್ತು, ಮೇಲೊಂದು ಹಸಿರು ಶಾಲು. ಒಡೆಯನಿಲ್ಲದ ಮನೆಯ ಹಾಗೆ ಕಂಡಿತು.

“ಮುಟ್ಟಲೇನ್ರಿ?” ಈ ಸಲ ಕೇಳಿದ.

“ಮುಟ್ರಿ. ಈಗರ ಕೇಳಿದ್ರಲ್ಲ.”

ಅವನು ಶಾಲು ಸರಿಸಿದ. ಒತ್ತಿ ನುಡಿಸುವ ಒಂದು ಬಿಳಿ ಮನೆಯ ಮೇಲೆ ಕೆಂಪು ಟಿಕಳಿ, ಹೆಂಗಸರು ಹಣೆಗೆ ಅಂಟಿಸಿಕೊಳ್ಳುವಂಥದು. ಹಾಡುವವರ ಷಡ್ಜ ಎಲ್ಲಿ ಎಂದು ನೆನಪಿಗೆ ಹಚ್ಚುವ ಗುರುತು. ಊರ ಭಜನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕ ಕುಳಿತು ಹಾಡಿದವನಿಗೆ ಅಷ್ಟು ತಿಳಿಯುತ್ತಿತ್ತು. ಟಿಕಳಿ ಬಿಳಿ ನಾಲ್ಕರ ಮೇಲಿತ್ತು.

ಹೆಣ್ಣಿನ ದನಿಗೆ ಅಷ್ಟು ಕೆಳಗಿನ ಬಿಳಿ ನಾಲ್ಕು? ಅದೂ ಭುವನೇಶ್ವರಿಯ ದನಿಗೆ?

ಬಗ್ಗಿ ನೋಡಿದ. ಬಿಳಿ ಐದರ ಮೇಲೆ ಒಂದು ಸಣ್ಣ ಕಪ್ಪು ಉಂಗುರ. ಹಳೆಯ ಟಿಕಳಿ ಕಿತ್ತ ಮೇಲೆ ಉಳಿದ ಅಂಟಿಗೆ ಧೂಳು ಕೂತ ಗುರುತು. ಬಿಳಿ ಆರರ ಮೇಲೂ ಅಂಥದೇ ಒಂದು, ಇನ್ನೂ ಮಾಸಿದ್ದು.

ಬುಧವಾರದ ಒಂದು ಸಂಜೆ ಒಡೆದ ಕೊರಳಲ್ಲ ಅದು. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದ ಕೊರಳು. ಯಾರಿಗೂ ಗೊತ್ತಾಗದಂತೆ ಕೈಹಿಡಿದು ಇಳಿಸಿದವರು ಪೀರಸಾಬ ಮಾಸ್ತರರು.

*

ಭುವನೇಶ್ವರಿಯ ಫ್ಲ್ಯಾಟು ಅಲ್ಲಿಂದ ಎರಡು ಗಲ್ಲಿ ಆಚೆ. ಬಾಗಿಲು ತೆಗೆದವಳು ಆಕೆಯೇ. ಕುತ್ತಿಗೆಗೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಗಂಟಲು ಮುಟ್ಟಿಕೊಂಡು, ಮಾತಾಡಲಾಗದೆಂದು ಕೈಸನ್ನೆ ಮಾಡಿ ಕುರ್ಚಿ ತೋರಿಸಿದಳು.

ಒಂದು ಗೋಡೆಯ ತುಂಬ ಪಾತ್ರಗಳು. ಬಯಲಾಟದಲ್ಲಿ ನವಿಲುಗರಿ ಮುಡಿದ ಪುಟ್ಟ ಕೃಷ್ಣ, ಕಂಪನಿ ನಾಟಕದ ದ್ರೌಪದಿ, ಈಗ ಹಿಂದಿ ಸೀರಿಯಲ್ಲಿನ ಅತ್ತೆ. ಆ ಅತ್ತೆಯಿಂದಾಗಿ ಬಜಾರಿನಲ್ಲಿ ಸೊಸೆಯಂದಿರು ಆಕೆಯನ್ನು ಕಂಡು ಮುಖ ತಿರುಗಿಸುತ್ತಿದ್ದರಂತೆ. ಎದುರು ಗೋಡೆಗೆ ಆತು ತಂಬೂರಿ, ಅದರ ಬದಿಗೆ ಭಜನೆ ಹಾಡಿ ಪಡೆದ ಶಾಲುಗಳ ರಾಶಿ. ಅಭಿನಯಿಸುವವರು ಹಾಡಲಾರರು, ಹಾಡುವವರು ಅಭಿನಯಿಸಲಾರರು ಎನ್ನುವ ಊರಿನಲ್ಲಿ ಎರಡೂ ಎತ್ತು ಒಂದೇ ನೊಗಕ್ಕೆ ಕಟ್ಟಿ ಉತ್ತವಳು ಆಕೆ.

ಶರಣಬಸಪ್ಪ ಏನೂ ಕೇಳಲಿಲ್ಲ. ಕೆಂಪು ಟಿಕಳಿಯನ್ನು ಟೀಪಾಯಿಯ ಮೇಲಿಟ್ಟ.

“ಮೊದಲ ಬಿಳಿ ಆರರ ಮ್ಯಾಲ ಇತ್ತು. ಆಮ್ಯಾಲ ಐದಕ್ಕ ಬಂತು. ಈಗ ನಾಕರ ಮ್ಯಾಲ ಇತ್ತು, ಕಿತಗೊಂಡು ಬಂದೀನಿ.”

ಆಕೆ ಟಿಕಳಿ ನೋಡಿದಳು. ಕೊರಳಿನ ಬಟ್ಟೆಯನ್ನು ತಾನೇ ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡಳು.

“ನಾಕೂ ಮುಟ್ಟತಿರಲಿಲ್ಲ ಅಣ್ಣಾರ,” ಅಂದಳು. ದನಿ ಗೊರಗೊರ ಇತ್ತು, ಆದರೆ ಇತ್ತು. “ಡಾಕ್ಟರ ಎಂದೋ ಹೇಳಿಬಿಟ್ಟಿದ್ರು. ಮಾತಾಡ್ರಿ, ನಟನಾ ಮಾಡ್ರಿ, ಹಾಡಬ್ಯಾಡ್ರಿ ಅಂತ. ನಟನಾ ಮಾಡೂದಂದ್ರೇನು ಅಂತ ಅವರಿಗೇನ್ ಗೊತ್ತು? ನಮ್ಮಲ್ಲಿ ದ್ರೌಪದಿ ಹಾಡಲಿಲ್ಲಂದ್ರ ಅಕಿ ಸೀರಿ ಯಾರ ಸೆಳದ್ರೂ ಮಂದಿ ಅಳಂಗಿಲ್ಲ.”

“ಮಾಸ್ತರಿಗಿ ಗೊತ್ತಿತ್ತು.”

“ಅವರಿಗಿ, ಇನ್ನ ಶಿವಕುಮಾರಿಗಿ. ಬ್ಯಾರೆ ಯಾರಿಗೂ ಇಲ್ಲ. ನನ್ನ ದನಿ ಇಳದಂಗ ಪೆಟ್ಟಗಿ ಸ್ವರ ಇಳಿಸಿದ್ರು. ಮ್ಯಾಲಿನ ಸ್ವರ ಬಂದಾಗ ಹಿಂದಿಂದ ಶಿವಕುಮಾರಿ ಎತ್ತಿಕೊಳ್ಳಾಕಿ. ನಾ ಬಾಯಿ ತಗದು ಕೈ ಎತ್ತಾಕಿ. ಹಾಡು ಅಕೀದು, ಚಪ್ಪಾಳಿ ನಂದು.” ಆಕೆ ಕಣ್ಣು ಮುಚ್ಚಿದಳು. “ಒಂದ ದಿನಾನೂ ಅಕಿ ಹೆಸರ ನಾ ಮೈಕಿನಾಗ ಹೇಳಲಿಲ್ಲ.”

“ಬುಧವಾರ?”

“ಬುಧವಾರ ಹಿಂದಿಂದ ಅಕಿ ದನಿ ಬರಲಿಲ್ಲ. ನಾ ಒಬ್ಬಾಕಿ ಆ ಸ್ವರಕ್ಕ ಹೋದೆ, ಕೊರಳ ಒಡೀತು. ಮಂದೀ ಮುಂದ ಬೆತ್ತಲಾದಂಗಾತು ಅಣ್ಣಾರ. ಅಷ್ಟರಾಗ ಹಿಮ್ಮೇಳದ ಕಡಿಂದ ಯಾರೋ ‘ಸಿಂಧೂರ, ಸಿಂಧೂರ’ ಅಂತ ಚೀರಿದ್ರು. ನಾ ಹೌದನ್ನಲಿಲ್ಲ. ಅಲ್ಲ ಅಂತಾನೂ ಅನ್ನಲಿಲ್ಲ.”

“ಸುಮ್ಮನಿದ್ರಿ.”

“ಸುಮ್ಮನಿದ್ದೆ. ವಿಷ ಹಾಕಿ ಕೆಡಿಸಿದ ಕೊರಳಂದ್ರ ಮಂದಿ ಅಳತಾರ. ಮುದಿಯಾದ ಕೊರಳಂದ್ರ ನಗತಾರ. ನೀವು ಡಬ್ಬಿ ತೋರಿಸಿದಾಗ ನನಗ ಜೀವ ಬಂದಂಗಾತು. ನನ್ನ ಕೈ ಹಿಡದು ಸರಿಗಮ ಕಲಿಸಿದ ಮನಷ್ಯಾನ್ನ ಜೀಪಿನಾಗ ಹಾಕಿದ್ರು, ನಾ ಬಣ್ಣ ತೊಳಕೊಳ್ಳಾಕತ್ತಿದ್ದೆ.”

ಆಕೆಯನ್ನು ಬೈಯುವ ಹಕ್ಕು ಶರಣಬಸಪ್ಪನಿಗಿರಲಿಲ್ಲ. ಆಕೆ ಸುಮ್ಮನಿದ್ದಳು, ತಾನು ಬೆರಳು ತೋರಿಸಿದ್ದ. ಒಬ್ಬ ಮುದುಕನ ಕುತ್ತಿಗೆಗೆ ಹಗ್ಗ ಹೊಸೆಯಲು ಎರಡು ಕೈ ಬೇಕು. ಇಬ್ಬರೂ ಒಂದೊಂದು ಕೊಟ್ಟಿದ್ದರು.

“ಆದ್ರ ಬಾಯಿ, ನೀವು ಆ ವೀಳ್ಯ ತಿಂದದ್ದು ಖರೆ ಅಲ್ಲ? ತನಿಖೀಯವರು ಅದನ್ನೇ ಹಿಡಕೊಂಡಾರ.”

ಆಕೆ ಎದ್ದಳು. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದ ಸದ್ದಾಯಿತು. ಬಂದವಳ ಕೈಯಲ್ಲಿ ಒದ್ದೆ ಬಟ್ಟೆಯ ಸಣ್ಣ ಗಂಟು. ಬಿಚ್ಚಿದಳು. ಒಳಗೆ ಮಡಚಿ ಲವಂಗ ಚುಚ್ಚಿದ ವೀಳ್ಯ, ಅಂಚು ಕಂದಿತ್ತು, ಮಡಿಕೆ ಬಿಚ್ಚಿರಲಿಲ್ಲ.

“ಎಲಿ ಅಡಿಕಿ ಡಾಕ್ಟರ ಎಂದೋ ಬಿಡಿಸ್ಯಾರ. ಬ್ಯಾಡ ಅಂದ್ರ ಮಾಸ್ತರ ಮನಸ್ಸಿಗಿ ನೋವು. ಅದಕ್ಕ ಪ್ರತಿ ಆಟಕ್ಕ ಇಸಗೊಳ್ಳತಿದ್ದೆ, ತಿಂದಂಗ ಮಾಡಿ ಸೊಂಟಕ್ಕ ಸಿಗಿಸಕೊಳ್ಳತಿದ್ದೆ, ಮನಿಗಿ ಬಂದು ತುಳಸಿ ಬುಡಕ್ಕ ಹಾಕತಿದ್ದೆ. ಇದೊಂದಕ್ಕ ಕೈ ಬರಲಿಲ್ಲ. ನನ್ನ ಸುಳ್ಳು ಇದರಾಗ ಕುಂತದ.”

ಶರಣಬಸಪ್ಪನ ಎದೆ ಹಗುರಾಯಿತು. ತಿನ್ನದ ವೀಳ್ಯ. ತಿನ್ನದ ಮೇಲೆ ವಿಷವೆಲ್ಲಿ, ಅಪರಾಧವೆಲ್ಲಿ? ಅವನು ಕೈ ಚಾಚಿದ. ಭುವನೇಶ್ವರಿ ಕೊಡಲಿಲ್ಲ.

“ಬಿಚ್ಚಬ್ಯಾಡ್ರಿ ಅಣ್ಣಾರ. ಕಂಪನ್ಯಾಗ ಒಂದು ಮಾತದ. ತಿನ್ನದ ವೀಳ್ಯ ಕೊಟ್ಟವರ ಕೈಗೇ ಮರಳಬೇಕು, ಮರಳಿದ್ದನ್ನ ಅವರೇ ತಿನ್ನಬೇಕು. ನಡುವ ಯಾರೂ ಬಿಚ್ಚಬಾರದು. ಇಲ್ಲಂದ್ರ ಋಣ ಹರಿಯಂಗಿಲ್ಲ. ಎಷ್ಟು ವೀಳ್ಯದ ಋಣ ತುಳಸಿಗಿ ಹಾಕೀನೋ ಶಿವನೇ ಬಲ್ಲ. ಇದೊಂದರ ನನ್ನ ಕೈಯಾರೆ ಕೊಡತೀನಿ. ಆಮ್ಯಾಲ ಎಲ್ಲಾರ ಮುಂದ ಖರೆ ಹೇಳತೀನಿ.”

ಪತ್ತೇದಾರನಾದವನು ಅಲ್ಲೇ ಅದನ್ನು ಬಿಚ್ಚಬೇಕಾಗಿತ್ತು. ಶರಣಬಸಪ್ಪನೂ ಒಂದು ಗಳಿಗೆ ಹಾಗೆ ಅಂದುಕೊಂಡ. ಆದರೆ ಕೇಳದೆ ತೆಗೆದ ಒಂದು ಡಬ್ಬಿಯ ಪಾಪವೇ ಹೆಗಲ ಮೇಲಿತ್ತು. ಅದೇ ಮುದುಕನ ಇನ್ನೊಂದು ಗಂಟು ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ.

“ನಡೀರಿ ಬಾಯಿ. ಹಂಗೇ ಆಗಲಿ.”

*

ಬಾಂದ್ರಾದ ಕೋರ್ಟಿನ ಪಡಸಾಲೆಯಲ್ಲಿ ಜನ ತುಂಬಿದ್ದರು. ಮೂಲೆಯ ಬೆಂಚಿನ ಮೇಲೆ ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ಪೀರಸಾಬ ಮಾಸ್ತರರು. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ತೊಡೆಯ ಮೇಲೆ ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. ಸ್ವಲ್ಪ ಆಚೆ ಗೋಡೆಗೆ ಒರಗಿ ಅಖ್ತರಿಬಿ, ಪಕ್ಕದಲ್ಲಿ ಟಿಫಿನ್ ಡಬ್ಬಿ ಹಿಡಿದುಕೊಂಡು ಶಿವಕುಮಾರಿ. ಮೂವತ್ತು ದಾಟಿದ ಹೆಣ್ಣು, ತಲೆ ತಗ್ಗಿಸಿ ಕುಳಿತಿದ್ದಳು.

ಭುವನೇಶ್ವರಿಯನ್ನು ಕಂಡು ಕಾನ್‌ಸ್ಟೇಬಲ್ ಎದ್ದು ನಿಂತ. “ಅರೆ, ಸಾಸೂಮಾ!” ಎಂದು ಸೀರಿಯಲ್ಲಿನ ಅತ್ತೆಯ ಗುರುತು ಹಿಡಿದವನು, ಆಕೆಯ ಕೈಯ ಗಂಟು ನೋಡಿ ಮುಖ ಗಂಟಿಕ್ಕಿದ. “ಯೇ ಕ್ಯಾ ಹೈ?”

“ಪಾನ್ ಹೈ ಭಾವೂ,” ಎಂದ ಶರಣಬಸಪ್ಪ. “ಪ್ರಸಾದ ಸಮಝೋ. ಮೈ ಜಿಮ್ಮೇದಾರ್.”

ಅವನು ಮಾಸ್ತರರ ಮುಂದೆ ನೆಲಕ್ಕೆ ಕುಳಿತ. “ಮಾಸ್ತರ, ಹಣಮಪ್ಪನ ಪಾದದ ಸಿಂಧೂರ ಅದು. ನಾ ವಿಷ ಅಂದೆ. ನನ್ನ ಕಣ್ಣಾಗೇ ವಿಷ ಇತ್ತು.”

“ಏಳ್ರಿ ಶರಣಬಸಪ್ಪ. ನೆಲಾ ಹೊಲಸದ.” ಮಾಸ್ತರರು ನಕ್ಕರು. “ಹೇಳೀನಲ್ಲ, ತಪ್ಪು ನಂದೇ ಅದ.”

ಭುವನೇಶ್ವರಿ ಮುಂದೆ ಬಂದು ಸೆರಗು ಹೊದ್ದು ಬಾಗಿ, ಎರಡೂ ಕೈಯಲ್ಲಿ ವೀಳ್ಯವನ್ನು ಅವರ ಮುಂದೆ ಹಿಡಿದಳು. “ನಾ ತಿಂದಿಲ್ಲ ಮಾಸ್ತರ. ಎಂದೂ ತಿಂದಿಲ್ಲ. ಮಾಫ್ ಮಾಡ್ರಿ.”

ಮುದುಕರ ಮುಖ ಒಮ್ಮೆಲೇ ಬೆಳಗಿತು.

“ತಿಂದಿಲ್ಲ? ಖರೇನು ಬೇಟಿ? ಒಂದು ಚೂರೂ?” ಕಣ್ಣಲ್ಲಿ ನೀರು ಬಂತು. “ಯಾ ಅಲ್ಲಾ, ನೀನು ದೊಡ್ಡಾವ. ಉಳಸಿದಿ.”

ಶರಣಬಸಪ್ಪನ ನಗು ಅರ್ಧಕ್ಕೆ ನಿಂತಿತು. ಏನೂ ಇಲ್ಲದ ವೀಳ್ಯ ತಿನ್ನದೆ ಹೋದದ್ದಕ್ಕೆ ಯಾರಾದರೂ ಇಷ್ಟು ಸಂತೋಷಪಡುತ್ತಾರೆಯೇ?

ಮಾಸ್ತರರು ಆಗಲೇ ವೀಳ್ಯ ಇಸಿದುಕೊಂಡಿದ್ದರು. “ಮರಳಿ ಬಂದದ್ದು ಕೊಟ್ಟವನೇ ತಿನ್ನಬೇಕು,” ಎನ್ನುತ್ತ ಬಾಯಿಯ ಕಡೆ ಒಯ್ದರು, ಯಾರೋ ಕಸಿದುಕೊಳ್ಳುವರೆಂಬಂತೆ ಅವಸರವಾಗಿ.

“ಮಾಸ್ತರ! ಬ್ಯಾಡ್ರಿ! ತಿನಬ್ಯಾಡ್ರಿ!”

ಟಿಫಿನ್ ಡಬ್ಬಿ ನೆಲಕ್ಕೆ ಬಿದ್ದು ಉರುಳಿತು. ಚೀರಿದವಳು ಶಿವಕುಮಾರಿ. ಬುಧವಾರ ಹಿಮ್ಮೇಳದಿಂದ ಚೀರಿದ್ದೂ ಇದೇ ದನಿ ಎಂಬುದು ಭುವನೇಶ್ವರಿಯ ಮುಖ ನೋಡಿದವರಿಗೆ ತಿಳಿಯುವಂತಿತ್ತು.

ಶರಣಬಸಪ್ಪ ಮುದುಕರ ಮಣಿಕಟ್ಟು ಹಿಡಿದ. ಲವಂಗ ಸಡಿಲಿ ಎಲೆಯ ಮಡಿಕೆ ಬಿಚ್ಚಿಕೊಂಡಿತು. ಒಳಗೆ ಅಡಿಕೆ, ಸುಣ್ಣ, ಅದರ ನಡುವೆ ಒಂದು ದೊಡ್ಡ ಚಿಟಿಕೆ, ಕೇಸರಿ ಬಣ್ಣದ್ದು.

“ಕೈ ಬಿಡ್ರಿ ಶರಣಬಸಪ್ಪ,” ಮಾಸ್ತರರು ಮೆಲ್ಲಗೆ ಅಂದರು. “ಡಬ್ಬಿ ನಂದು. ಕೊಟ್ಟ ಕೈ ನಂದು. ಮನ್ಯಾಗಿನ ಮಗಳ ಹೊಟ್ಟ್ಯಾಗ ಬೆಂಕಿ ಬಿದ್ದದ್ದು ಕಾಣದ ಕುರುಡನೂ ನಾನೇ. ಮತ್ತ ಯಾರ ತಪ್ಪು?”

ಶಿವಕುಮಾರಿ ನಡೆದು ಬಂದಳು. ಯಾರೂ ತಡೆಯಲಿಲ್ಲ. ತಡೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಭುವನೇಶ್ವರಿಯನ್ನು ದಾಟಿ ಬಂದು ಮಾಸ್ತರರ ಮುಂದೆ ಮಂಡಿಯೂರಿ ಅಂಗೈ ಚಾಚಿದಳು. ಅಳುತ್ತಿರಲಿಲ್ಲ.

“ಮಾಸ್ತರ, ಇದು ನೀವು ಕೊಟ್ಟದ್ದಲ್ಲ. ಸಿಂಧೂರ ಇಟ್ಟು ಮಡಚಿ ನಾ ಕೊಟ್ಟದ್ದು. ನನಗ ಮರಳಿ ಕೊಡ್ರಿ.”

ಪೀರಸಾಬರು ತಾವು ಸಾಕಿದ ಆ ಮುಖವನ್ನು ನೋಡಿದರು. ಬಿಚ್ಚಿದ ಎಲೆಯನ್ನು ಮಡಚಿದರು, ಲವಂಗ ಚುಚ್ಚಿದರು. ಈ ಸಲ ಬೆರಳು ನಡುಗಲಿಲ್ಲ. ಆ ವೀಳ್ಯವನ್ನು ಅವಳ ಅಂಗೈಯಲ್ಲಿಟ್ಟರು.